ಕಾವ್ಯದೊಡನೆ ಕಡತವನ್ನೂ ಓದಬೇಕು

ಲಿಂಗಣ್ಣ ಕವಿಯ ‘ಕೆಳದಿನೃಪವಿಜಯ’ವು ಚಂಪೂಕಾವ್ಯವೂ ಹೌದು, ಚರಿತ್ರೆಯೂ ಹೌದು. 1763ರಲ್ಲಿ ಹೈದರಾಲಿಯ ವಶವಾದ ಬಿದನೂರಿನ ವೀರಶೈವ ಅರಸರ ವಂಶಕಥೆಯು ಅದರಲ್ಲಿ ಕ್ರಮವಾಗಿ ನಿರೂಪಿತವಾಗಿದೆ. ಚೆನ್ನಮ್ಮಾಜಿಯು ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯವಿತ್ತ ಪ್ರಸಂಗವೂ ಅಲ್ಲಿದೆ. ಆದರೆ ಇಂತಹ ಕೃತಿಯಲ್ಲಿ ಪ್ರಶಸ್ತಿ ಎಷ್ಟು, ಸಂಗತಿ ಎಷ್ಟು ಎಂಬುದನ್ನು ಕಾವ್ಯವೊಂದರಿಂದಲೇ ನಿರ್ಣಯಿಸಲಾಗದು.

ಅದಕ್ಕೆ ಬೇಕಾದ ಒರೆಗಲ್ಲು ಸಾಗರ ತಾಲ್ಲೂಕಿನ ಕೆಳದಿಯಲ್ಲಿಯೇ ಇದೆ. ವಿದ್ವಾಂಸ ಕೆಳದಿ ಗುಂಡಾ ಜೋಯಿಸರ ಪರಿಶ್ರಮದಿಂದ ರೂಪುಗೊಂಡ ವಸ್ತುಸಂಗ್ರಹಾಲಯ ಮತ್ತು ಇತಿಹಾಸ ಸಂಶೋಧನಾಲಯವು ಓಲೆಗರಿ, ಕಾಗದಪತ್ರ, ನಾಣ್ಯಗಳನ್ನು ಸಂಗ್ರಹಿಸಿ ಕಾಪಾಡಿದೆ. ಇಕ್ಕೇರಿಯ ಅಘೋರೇಶ್ವರ ದೇವಾಲಯ, ಹೊಸನಗರ ತಾಲ್ಲೂಕಿನ ನಗರದ ಕೋಟೆ, ತೀರ್ಥಹಳ್ಳಿ ತಾಲ್ಲೂಕಿನ ಕವಲೇದುರ್ಗಗಳನ್ನು ಕಂಡು ಬಂದವರು ಈ ಬರಹಗಳನ್ನೂ ನೋಡಬೇಕು.

ಕಾಪಾಡಿದ ಮಾತ್ರಕ್ಕೆ ಕಾರ್ಯ ಪೂರ್ಣವಾಗದು. ತಿಗಳಾರಿ ಲಿಪಿಯನ್ನು ಓದಬಲ್ಲವರು ಇಂದು ವಿರಳ. ಓದುವವರಿಲ್ಲದ ಓಲೆಯು ಗೆದ್ದಲಿನಿಂದ ಉಳಿದರೂ ಲೋಕಕ್ಕೆ ಒದಗದು. ಜೋಯಿಸರು ಹಳೆಯ ಲಿಪಿಗಳನ್ನು ಓದಿದರು, ಓದಿದ್ದನ್ನು ಅಚ್ಚಿಗೆ ತಂದರು. ಸಂಗ್ರಹಕ್ಕಿಂತಲೂ ಇದೇ ಅವರ ಹಿರಿಯ ಸೇವೆ. ಸಂಸ್ಥೆಯು ಮುಂದೆ ಕುವೆಂಪು ವಿಶ್ವವಿದ್ಯಾನಿಲಯದ ಆಶ್ರಯಕ್ಕೆ ಬಂದಿತು. ಕನ್ನಡ ವಿದ್ಯಾರ್ಥಿಗಳು ಛಂದಸ್ಸಿನೊಡನೆ ಲಿಪಿಯನ್ನೂ ಕಲಿತರೆ ಲಿಂಗಣ್ಣನ ಕಾವ್ಯಕ್ಕೆ ತಕ್ಕ ವ್ಯಾಖ್ಯಾನವು ದೊರೆತೀತು.