ಎದುರಾಳಿಗೆ ಜಾಗ ಕೊಟ್ಟ ಟೀಕಾಕಾರರು

ದ್ವೈತಮತದ ಮಧ್ವಾಚಾರ್ಯರ ಬರಹ ಬಹಳ ಅಡಕ. ‘ಅನುವ್ಯಾಖ್ಯಾನ’ವಂತೂ ಟೀಕೆಯಿಲ್ಲದೆ ದಕ್ಕುವುದೇ ಕಷ್ಟ. ಆ ಗ್ರಂಥಕ್ಕೆ 14ನೆಯ ಶತಮಾನದಲ್ಲಿ ಜಯತೀರ್ಥರು ಬರೆದ ‘ನ್ಯಾಯಸುಧಾ’ವನ್ನು ಮತದ ಚೌಕಟ್ಟಿನಾಚೆಯೂ ಓದಬೇಕು ಎಂಬುದು ನನ್ನ ನಿಲುವು.

ಕಾರಣ ಅದರ ಪೂರ್ವಪಕ್ಷ, ಅಂದರೆ ಖಂಡಿಸುವ ಮೊದಲು ಎದುರಾಳಿಯ ವಾದವನ್ನು ಮಂಡಿಸುವ ಭಾಗ. ಚಿಪ್ಪನ್ನು ಕಂಡು ಬೆಳ್ಳಿ ಎಂದು ಭ್ರಮಿಸುವ ಪ್ರಸಂಗವನ್ನೇ ನೋಡಿ. ಅಲ್ಲಿ ಭ್ರಮೆಯೆಂಬುದೇ ಇಲ್ಲ, ಎರಡು ಜ್ಞಾನಗಳ ಭೇದ ಹೊಳೆಯದೆ ಹೋಗಿದೆ ಅಷ್ಟೆ ಎನ್ನುತ್ತಾರೆ ಪ್ರಾಭಾಕರ ಮೀಮಾಂಸಕರು. ಬೇರೆಡೆ ಇರುವ ಬೆಳ್ಳಿಯೇ ಇಲ್ಲಿ ತೋರುತ್ತದೆ ಎಂದು ನೈಯಾಯಿಕರು. ಆ ಬೆಳ್ಳಿ ಸತ್ತೂ ಅಲ್ಲ, ಅಸತ್ತೂ ಅಲ್ಲ ಎಂದು ಅದ್ವೈತಿಗಳು. ಜಯತೀರ್ಥರು ಒಂದೊಂದು ವಾದವನ್ನೂ ಅದರವರೇ ಮಂಡಿಸುವಷ್ಟು ಬಿಗಿಯಾಗಿ ನಿಲ್ಲಿಸಿ, ಆಮೇಲೆ ಕೈ ಹಾಕುತ್ತಾರೆ. ಎದುರಿಗಿರುವುದು ಚಿಪ್ಪು, ಅಲ್ಲಿ ಎಂದೂ ಇಲ್ಲದ ಬೆಳ್ಳಿಯಾಗಿ ಅದು ತೋರಿತು ಎಂಬ ತಮ್ಮ ಸಿದ್ಧಾಂತಕ್ಕೆ ಬರುವಷ್ಟರಲ್ಲಿ ಓದುಗನಿಗೆ ಭಾರತೀಯ ಜ್ಞಾನಮೀಮಾಂಸೆಯ ಒಂದು ಪಾಠವೇ ಆಗಿರುತ್ತದೆ.

ಇದನ್ನು ಓದುವಾಗ ನನಗೆ ನೆನಪಾಗುವವನು ಗ್ರೀಕ್ ಟೀಕಾಕಾರ ಸಿಂಪ್ಲಿಸಿಯಸ್. 529ರಲ್ಲಿ ಜಸ್ಟಿನಿಯನ್ ಚಕ್ರವರ್ತಿ ಅಥೆನ್ಸಿನಲ್ಲಿ ತತ್ತ್ವಶಾಸ್ತ್ರದ ಪಾಠ ನಿಲ್ಲಿಸಿದಾಗ ಸಂಗಡಿಗರೊಂದಿಗೆ ಪರ್ಶಿಯದ ದೊರೆ ಖುಸ್ರೋನ ಆಸರೆಗೆ ಹೋಗಿ, 532ರ ಒಪ್ಪಂದದ ಬಳಿಕ ಮರಳಿದವನು. ಅರಿಸ್ಟಾಟಲನ ‘ಭೌತಶಾಸ್ತ್ರ’ಕ್ಕೆ ಟೀಕೆ ಬರೆಯುತ್ತ, ತನಗಿಂತ ಸಾವಿರ ವರ್ಷ ಹಿಂದಿನ ಪಾರ್ಮೆನಿಡೀಸನ ಪದ್ಯಗಳನ್ನು ಉದ್ದಕ್ಕೆ ಎತ್ತಿ ಬರೆದ, ಆ ಗ್ರಂಥ ಅಪರೂಪವಾಗಿದೆ ಎಂದು ಕಾರಣವನ್ನೂ ಹೇಳಿದ. ಆ ಪದ್ಯಗಳಲ್ಲಿ ಎಷ್ಟೋ ಸಾಲುಗಳು ನಮಗೆ ಉಳಿದಿರುವುದು ಅವನಿಂದಲೇ. ಜಗತ್ತಿಗೆ ಆದಿಯುಂಟು ಎಂದು ವಾದಿಸಿದ ಕ್ರೈಸ್ತ ಫಿಲೋಪೋನಸನನ್ನು ಕಟುವಾಗಿ ಜರೆದರೂ, ಅವನ ಮಾತುಗಳನ್ನು ಎತ್ತಿಕೊಟ್ಟೇ ಖಂಡಿಸಿದ. ಅರಿಸ್ಟಾಟಲನ ವಿರುದ್ಧ ಫಿಲೋಪೋನಸ್ ಬರೆದ ಆ ಗ್ರಂಥ ಕಳೆದುಹೋಯಿತು. ಅದರ ಬಹುಪಾಲು ತುಣುಕುಗಳನ್ನು ಉಳಿಸಿದ್ದು ಈ ಖಂಡನೆಯೇ.

ಇಬ್ಬರಲ್ಲೂ ಕೊರತೆ ಇದೆ. ಪ್ಲೇಟೋಗೂ ಅರಿಸ್ಟಾಟಲನಿಗೂ ಮೂಲದಲ್ಲಿ ವಿರೋಧವಿಲ್ಲ ಎಂದು ತೋರಿಸುವ ಹಟದಲ್ಲಿ ಸಿಂಪ್ಲಿಸಿಯಸ್ ನಿಜವಾದ ಭಿನ್ನಮತವನ್ನೂ ಮೆತ್ತಗೆ ಮಾಡುತ್ತಾನೆ. ಜಯತೀರ್ಥರು ಎದುರಾಳಿಗೆ ಹಾಕುವ ಪ್ರಶ್ನೆಗಳನ್ನು ಆಚಾರ್ಯರಿಗೆ ಅದೇ ಬಿರುಸಿನಲ್ಲಿ ಹಾಕುವುದಿಲ್ಲ. ತಾವೇ ಕಟ್ಟಿದ ಯುಕ್ತಿಯನ್ನೂ ಗುರುವಿನ ಆಶಯವೆಂದೇ ಒಪ್ಪಿಸುತ್ತಾರೆ. ಸಂಪ್ರದಾಯಕ್ಕೆ ಅದು ಶಿಷ್ಯಧರ್ಮ, ಸರಿ. ಆದರೆ ಅವರ ಸ್ವಂತಿಕೆಯನ್ನು ಗುರುತಿಸಿ ಹೇಳುವ ಹೊಣೆ ನಮ್ಮ ಮೇಲಿದೆ.

ಕನ್ನಡದಲ್ಲಿ ‘ಸುಧಾ’ವನ್ನು ವಿವರಿಸುವವರಲ್ಲಿ ಒಂದು ಬಿನ್ನಹ: ಪೂರ್ವಪಕ್ಷವನ್ನು ಎರಡು ಸಾಲಿನಲ್ಲಿ ಮುಗಿಸಿ ಸಿದ್ಧಾಂತಕ್ಕೆ ಹಾರಬೇಡಿ. ಜಯತೀರ್ಥರು ಎಷ್ಟು ಹೇಳಿದ್ದಾರೋ ಅಷ್ಟನ್ನೂ ಹೇಳಿ.