ಭಯಾನಕ ಚಿತ್ರಗಳಲ್ಲಿ ಅಪರಾಧದ ಸ್ಥಾನ

ಭಯಾನಕರಸಕ್ಕೆ ಕಾರಣವಾಗತಕ್ಕ ವಿಭಾವಗಳನ್ನು ಭರತನು ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ಎಣಿಸಿದ್ದಾನೆ. ವಿಕಾರಧ್ವನಿ, ಭೂತದರ್ಶನ, ನರಿ ಗೂಗೆಗಳ ಕೂಗು, ಶೂನ್ಯಗೃಹ, ಅರಣ್ಯ ಇವು ಅಲ್ಲಿ ಬರುತ್ತವೆ. ಇಂದಿನ ಚಲಚ್ಚಿತ್ರಗಳೂ ಬಹುಮಟ್ಟಿಗೆ ಇವನ್ನೇ ನೆಚ್ಚಿವೆ. ಆದರೆ ಗುರುವಿಗೂ ಅರಸನಿಗೂ ಎಸಗಿದ ಅಪರಾಧವನ್ನು ಕೂಡ ಭರತನು ಭಯದ ಕಾರಣವೆಂದು ಹೇಳಿರುವುದು ಗಮನಾರ್ಹ. ಭಯದ ಚಿತ್ರದ ಗೆಲುವು ಸೋಲುಗಳು ಈ ಕೊನೆಯ ಕಾರಣವನ್ನು ಅದು ನಡೆಸಿಕೊಳ್ಳುವ ರೀತಿಯನ್ನು ಅವಲಂಬಿಸಿವೆಯೆಂದು ನನ್ನ ಅಭಿಪ್ರಾಯ.

ಗಲಗಲಿಯ ಕೃಷ್ಣಾತೀರದಲ್ಲಿ ಬೆಳೆದ ನನಗೆ ಭಯದ ಮೊದಲ ಪಾಠವಾದುದು ಒಂದು ಹಾಳುಮನೆಯಿಂದ. ಅಲ್ಲಿ ದೆವ್ವವಿದೆಯೆಂದಷ್ಟೇ ಹೇಳಿ ಹಿರಿಯರು ಸುಮ್ಮನಾಗುತ್ತಿರಲಿಲ್ಲ. ಸತ್ತವರಾರು, ಯಾರ ಅನ್ಯಾಯದಿಂದ ಸತ್ತರು ಎಂಬುದನ್ನೂ ಹೇಳುತ್ತಿದ್ದರು. ದೆವ್ವವೆಂಬುದು ಊರು ಮರೆಯಲಾರದ ಅನ್ಯಾಯದ ನೆನಪಾಗಿತ್ತು.

ಪಿ. ವಾಸು ಅವರ ‘ಆಪ್ತಮಿತ್ರ’ (2004) ಚಿತ್ರವನ್ನು ಈ ದೃಷ್ಟಿಯಿಂದ ಪರಿಶೀಲಿಸಬಹುದು. ಇದು ಫಾಜಿಲ್ ಅವರ ಮಲಯಾಳ ಚಿತ್ರ ‘ಮಣಿಚಿತ್ರತಾಳ್’ (1993) ಅನ್ನು ಆಧರಿಸಿದುದು. ಅರಸನೊಬ್ಬನ ಕ್ರೌರ್ಯಕ್ಕೆ ಬಲಿಯಾದ ನರ್ತಕಿ ನಾಗವಲ್ಲಿಯ ಕಥೆಯು ಗಂಗೆಯ ಮನಸ್ಸನ್ನು ಆವರಿಸುತ್ತದೆ. ಮೊದಲು ನಮ್ಮ ಸಂಶಯ ನಿರಪರಾಧಿಯಾದ ಸೌಮ್ಯೆಯ ಮೇಲೆ ಬೀಳುತ್ತದೆ. ನಿಜ ತಿಳಿದಾಗ ನಮ್ಮ ತೀರ್ಪಿಗೆ ನಾವೇ ನಾಚುತ್ತೇವೆ. ಅರಸನ ಪ್ರತಿಕೃತಿಗೆ ಶಿಕ್ಷೆಯಾದಲ್ಲದೆ ರೋಗ ಗುಣವಾಗುವುದಿಲ್ಲ. ಎಂದರೆ ಭಯದ ಪರಿಹಾರವು ನ್ಯಾಯದಾನದಲ್ಲಿಯೇ ಇದೆ. ಚಿತ್ರದ ಬಲ ಇದು. ಆದರೆ ನಡುನಡುವೆ ಸುಳಿಯುವ ಮಹಾಸರ್ಪಕ್ಕೂ ಈ ಅಪರಾಧಕ್ಕೂ ಯಾವ ಸಂಬಂಧವೂ ಕಾಣದು. ಅದು ಬೆಚ್ಚಿಬೀಳಿಸುತ್ತದೆ, ಅಷ್ಟೆ. ವಿಭಾವವಿದ್ದು ಕಾರಣವಿಲ್ಲದಲ್ಲಿ ಚಿತ್ರ ಸೋಲುವ ಬಗೆಗೆ ಇದೇ ನಿದರ್ಶನ.

ಕಾರಣವನ್ನು ಹೇಳಿದ ಮಾತ್ರಕ್ಕೆ ಗೆಲುವು ದೊರೆಯುವುದೆಂದೂ ಅಲ್ಲ. ಹಿಚ್‌ಕಾಕ್‌ನ ‘ಸೈಕೊ’ (1960) ಚಿತ್ರದ ಕೊನೆಗೆ ಮನೋವೈದ್ಯನೊಬ್ಬನು ಕೊಲೆಗಾರನ ಮನಸ್ಸನ್ನು ದೀರ್ಘವಾಗಿ ವಿವರಿಸುತ್ತಾನೆ. ಆ ಉಪನ್ಯಾಸದಲ್ಲಿ ಭಯವು ಆರಿಹೋಗುವುದರಲ್ಲಿತ್ತು. ಅದರ ಬೆನ್ನಿಗೇ ಕೊಲೆಗಾರನ ಮುಖವನ್ನು ತೋರಿಸಿ, ವಿವರಣೆಗೆ ನಿಲುಕದುದು ಇನ್ನೂ ಉಳಿದಿದೆಯೆಂದು ನಿರ್ದೇಶಕನು ಸೂಚಿಸಿದನು.

ಶೂನ್ಯಗೃಹವಿಲ್ಲದೆಯೂ ಭಯ ಹುಟ್ಟಬಲ್ಲದು. ಪವನ್ ಕುಮಾರ್ ಅವರ ‘ಯು ಟರ್ನ್’ (2016) ಚಿತ್ರದಲ್ಲಿ ಬೆಂಗಳೂರಿನ ಮೇಲ್ಸೇತುವೆಯೊಂದರ ಮೇಲೆ ವಾಹನವನ್ನು ತಿರುಗಿಸಲು ಸವಾರರು ಕಲ್ಲುಗಳನ್ನು ಸರಿಸುತ್ತಾರೆ. ಎಲ್ಲರೂ ಮಾಡುವ ಅಲ್ಪದೋಷವದು; ಆದುದರಿಂದಲೇ ಪ್ರೇಕ್ಷಕನು ತನ್ನನ್ನು ಹೊರಗಿಟ್ಟುಕೊಳ್ಳಲಾರನು.

ಇನ್ನು ಪುಟ್ಟಣ್ಣ ಕಣಗಾಲರ ‘ಶರಪಂಜರ’ (1971). ತ್ರಿವೇಣಿಯವರ ಕಾದಂಬರಿಯನ್ನು ಆಧರಿಸಿದ ಇದನ್ನು ಯಾರೂ ಭಯಾನಕ ಚಿತ್ರವೆಂದು ಕರೆಯುವುದಿಲ್ಲ. ಆದರೂ ಕಲ್ಪನಾ ಅಭಿನಯಿಸಿದ ಕಾವೇರಿಯು ಆಸ್ಪತ್ರೆಯಿಂದ ಗುಣಹೊಂದಿ ಮರಳಿದ ಮೇಲೆ ಮನೆಯವರೂ ನೆರೆಯವರೂ ಅವಳ ನಡೆನುಡಿಗಳಲ್ಲಿ ಹುಚ್ಚಿನ ಕುರುಹನ್ನು ಅರಸುವುದು ಯಾವ ಪ್ರೇತಕ್ಕಿಂತಲೂ ಭೀಕರವಾಗಿದೆ. ಆ ನೋಟವೇ ಅವಳನ್ನು ಮತ್ತೆ ರೋಗಕ್ಕೆ ದೂಡುತ್ತದೆ. ಆಪ್ತಮಿತ್ರದಲ್ಲಿ ಅಪರಾಧಿ ಎಂದೋ ಸತ್ತ ಅರಸ. ಇಲ್ಲಿ ಅಪರಾಧಿಗಳು ಬದುಕಿರುವವರು, ನಮ್ಮನ್ನು ಹೋಲುವವರು.

ಈ ವ್ಯತ್ಯಾಸ ಕೇವಲ ಕಲೆಗೆ ಸಂಬಂಧಿಸಿದುದಲ್ಲ. ‘ಗಾಳಿ ಬಡಿದಿದೆ’ ಎಂದು ಮನೋರೋಗಿಯನ್ನು ದೂರವಿಡುವ ರೂಢಿ ನಮ್ಮಲ್ಲಿ ಇನ್ನೂ ಅಳಿದಿಲ್ಲ. ರೋಗಿಯನ್ನೇ ಭೂತವಾಗಿ ತೋರಿಸುವ ಚಿತ್ರ ಈ ರೂಢಿಗೆ ಬಲ ಕೊಡುತ್ತದೆ. ಆದುದರಿಂದ ಚಿತ್ರಮಂದಿರದಿಂದ ಹೊರಬಂದ ಪ್ರೇಕ್ಷಕನು ಯಾರಿಗೆ ಅಂಜುತ್ತಾನೆಂಬುದನ್ನು ವಿಮರ್ಶಕನು ಕೇಳಬೇಕು. ರೋಗಿಗೆ ಅಂಜಿದರೆ ಆ ಚಿತ್ರ, ಎಷ್ಟೇ ನಡುಗಿಸಿರಲಿ, ಸೋತಿದೆ. ತನ್ನ ನೋಟಕ್ಕೆ ತಾನೇ ಅಂಜಿದರೆ ಗೆದ್ದಿದೆ.