ಹಾರ್ಡ್ ಡಿಸ್ಕಿನ ಉತ್ತರಾಧಿಕಾರಿ ಯಾರು?

ಕೃಷ್ಣರಾಜನಗರದ ನಮ್ಮ ಕಾಲೇಜಿನ ಸೂಚನಾ ಫಲಕದಲ್ಲಿ ವಿದ್ಯಾರ್ಥಿಗಳು 2024ರ ನವೆಂಬರಿನಲ್ಲಿ ಪತ್ರಿಕೆಯ ತುಣುಕೊಂದನ್ನು ಅಂಟಿಸಿದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ಮಾಹಿತಿ ಬರೆಯುವ ಹೊಸ ದಾರಿ ಕಂಡುಕೊಂಡಿದ್ದಾರೆ, ಹಾರ್ಡ್ ಡಿಸ್ಕಿನ ಕಾಲ ಮುಗಿಯಿತು ಎಂಬುದು ಅದರ ಸಾರಾಂಶ. ಸಂಶೋಧನೆ ನಿಜ, ಸೊಗಸಾದದ್ದೂ ಹೌದು. ಸುದ್ದಿಯ ತೀರ್ಮಾನ ಮಾತ್ರ ಒಪ್ಪತಕ್ಕದ್ದಲ್ಲ.

ಮೊದಲು ಸಂಶೋಧನೆಯನ್ನು ನೋಡೋಣ. ಸಕ್ಕರೆ ಪಾಕ ನಿಧಾನವಾಗಿ ಆರಿದರೆ ಕಲ್ಲುಸಕ್ಕರೆಯ ಹರಳಾಗುತ್ತದೆ. ಗಟ್ಟಿ ಪಾಕ ಥಟ್ಟನೆ ತಣಿದರೆ ಗಾಜಿನಂಥ ಮಿಠಾಯಿಯಾಗುತ್ತದೆ. ಕೆಲವು ಪದಾರ್ಥಗಳಲ್ಲಿ ಹರಳಿನ ರೂಪಕ್ಕೆ ವಿದ್ಯುತ್ ರೋಧ ಕಡಿಮೆ, ಅಸ್ಫಟಿಕ ರೂಪಕ್ಕೆ ಹೆಚ್ಚು. ಒಂದನ್ನು 1, ಇನ್ನೊಂದನ್ನು 0 ಎಂದುಕೊಂಡರೆ ಪ್ರಾವಸ್ಥಾ ಬದಲಾವಣೆಯ ಸ್ಮೃತಿ ಸಿದ್ಧ. ಮರುಬರೆಯಬಹುದಾದ ಸಿಡಿಗಳಲ್ಲೂ ಇದೇ ತತ್ತ್ವವಿತ್ತು; ಅಲ್ಲಿ ಅಳೆಯುತ್ತಿದ್ದುದು ರೋಧವನ್ನಲ್ಲ, ಬೆಳಕಿನ ಪ್ರತಿಫಲನವನ್ನು. ತೊಡಕೆಂದರೆ, ಅಸ್ಫಟಿಕಗೊಳಿಸಲು ಪದಾರ್ಥವನ್ನು ಕರಗಿಸಿ ತಟ್ಟನೆ ತಣಿಸಬೇಕು. ಸಾಮಾನ್ಯ ಬಳಕೆಯ ಮಿಶ್ರಧಾತುವಿಗೆ ಇದಕ್ಕೆ 600 ಡಿಗ್ರಿ ಸೆಲ್ಸಿಯಸ್‌ಗೂ ಮೇಲಿನ ತಾಪ ಬೇಕು. ಶಕ್ತಿವ್ಯಯವೆಲ್ಲ ಇಲ್ಲೇ.

ವಿಜ್ಞಾನ ಸಂಸ್ಥೆಯ ಪವನ್ ನುಕಲ, ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದ ರಿತೇಶ್ ಅಗರ್ವಾಲ್ ಮತ್ತು ಸಂಗಡಿಗರು 'ನೇಚರ್' ಪತ್ರಿಕೆಯಲ್ಲಿ ವರದಿ ಮಾಡಿದ್ದು, ಇಂಡಿಯಂ ಸೆಲೆನೈಡಿನ ತಂತಿಯನ್ನು ಕರಗಿಸದೆಯೇ ಅಸ್ಫಟಿಕಗೊಳಿಸಿದ ಬಗೆಯನ್ನು. ತಂತಿಯಲ್ಲಿ ವಿದ್ಯುತ್ ಹರಿದಾಗ ಪದರಗಳು ಒಂದರ ಮೇಲೊಂದು ಜಾರುತ್ತವೆ. ಅಲ್ಲಲ್ಲಿ ಸೇರಿದ ಒತ್ತಡ ಭೂಕಂಪದ ಹಾಗೆ ಬಿಡುಗಡೆಯಾಗಿ, ಆ ಕುಲುಕು ತಂತಿಯುದ್ದಕ್ಕೂ ಹರಡಿ ಸ್ಫಟಿಕದ ವ್ಯವಸ್ಥೆಯನ್ನು ಕೆಡಿಸುತ್ತದೆ. ಬೇಕಾದ ಶಕ್ತಿ ಕರಗಿಸುವ ವಿಧಾನದ ಸುಮಾರು ನೂರು ಕೋಟಿಯಲ್ಲೊಂದು ಪಾಲು. ಈ ಅಂಕಿ ಅಸ್ಫಟಿಕಗೊಳಿಸುವ ಆ ಒಂದು ಹಂತಕ್ಕೆ ಸೇರಿದ್ದು, ಇಡೀ ಗಣಕದ ವಿದ್ಯುತ್ ಬಿಲ್ಲಿಗಲ್ಲ. ಸುದ್ದಿಯನ್ನು ಓದಿದವರಿಗೆ ಈ ವ್ಯತ್ಯಾಸ ತಿಳಿಯುವಂತಿರಲಿಲ್ಲ.

ಎರಡನೆಯ ತಪ್ಪು ಪದಬಳಕೆಯದು, ಅದರಲ್ಲಿ ನಮ್ಮ ಮೇಷ್ಟರುಗಳ ಪಾಲೂ ಇದೆ. ಗಣಕ ಕೆಲಸ ಮಾಡುವಾಗ ಕೈಗೆಟುಕುವಂತೆ ಇಟ್ಟುಕೊಳ್ಳುವುದು ಸ್ಮೃತಿ. ಕೆಲಸ ಮುಗಿದ ಮೇಲೆ ಎತ್ತಿಡುವುದು ಸಂಗ್ರಹ. ಎರಡಕ್ಕೂ 'ಮೆಮೊರಿ' ಎಂದೇ ಹೇಳಿ ಮಕ್ಕಳನ್ನು ಗೊಂದಲಕ್ಕೆ ಕೆಡವಿದ್ದೇವೆ. ಪ್ರಾವಸ್ಥಾ ಸ್ಮೃತಿ ಪೈಪೋಟಿಗಿಳಿಯುವುದು ಮುಖ್ಯವಾಗಿ ಚಿಪ್ಪುಗಳ ಜೊತೆ. ಲ್ಯಾಪ್‌ಟಾಪುಗಳಿಂದ ಹಾರ್ಡ್ ಡಿಸ್ಕನ್ನು ಹೊರದೂಡಿದ್ದು ಫ್ಲ್ಯಾಷ್ ಚಿಪ್ಪು. ಆದರೆ ಬೃಹತ್ ದತ್ತಾಂಶ ಕೇಂದ್ರಗಳಲ್ಲಿ ತಿರುಗುವ ಡಿಸ್ಕುಗಳು ಇಂದಿಗೂ ಇವೆ, ಕಾರಣ ಪ್ರತಿ ಬಿಟ್ಟಿಗೆ ಬೀಳುವ ಬೆಲೆ.

1956ರಲ್ಲಿ ಐಬಿಎಂನ ಮೊದಲ ಡಿಸ್ಕ್ ಯಂತ್ರ 61 ಸೆಂ.ಮೀ. ವ್ಯಾಸದ 50 ತಟ್ಟೆಗಳಲ್ಲಿ ಹಿಡಿದಿದ್ದು ಸುಮಾರು 50 ಲಕ್ಷ ಅಕ್ಷರಗಳನ್ನು. ತಟ್ಟೆಯ ಕಾಂತಕಣಗಳು ಚಿಕ್ಕವಾದಷ್ಟೂ ಉಷ್ಣಚಲನೆಯೇ ಅವುಗಳ ದಿಕ್ಕನ್ನು ಬುಡಮೇಲು ಮಾಡುತ್ತದೆ. ಹತ್ತು ವರ್ಷ ನಿಲ್ಲಬೇಕಾದರೆ ಕಣದ ಶಕ್ತಿತಡೆ, ಬೋಲ್ಟ್ಸ್‌ಮನ್ ಸ್ಥಿರಾಂಕ ಮತ್ತು ಪರಮ ತಾಪಗಳ ಗುಣಲಬ್ಧದ ಸುಮಾರು 60 ಪಟ್ಟು ಇರಬೇಕು (ತರಗತಿಯಲ್ಲಿ ಈ ಲೆಕ್ಕ ಮಾಡಿಸಿ, ಸ್ವಾರಸ್ಯವಾಗಿದೆ). ಕಬ್ಬಿಣ-ಪ್ಲಾಟಿನಂ ಕಣಗಳು ಈ ತಡೆಯನ್ನು ಕೊಡುತ್ತವೆ, ಆದರೆ ಸುಲಭಕ್ಕೆ ಬರೆಸಿಕೊಳ್ಳುವುದಿಲ್ಲ. ಹಾಗಾಗಿ ಬರೆಯುವ ಕ್ಷಣದಲ್ಲಿ ಲೇಸರಿನಿಂದ ಚುಕ್ಕೆಯನ್ನು ಕಾಯಿಸುತ್ತಾರೆ. 2024ರ ಜನವರಿಯಲ್ಲಿ ಸೀಗೇಟ್ ಪ್ರಕಟಿಸಿದ 30 ಟೆರಾಬೈಟಿನ ಡಿಸ್ಕಿನಲ್ಲಿ ಇದೇ ಉಪಾಯವಿದೆ. ಮುದುಕ ಇನ್ನೂ ಕಸರತ್ತು ಮಾಡುತ್ತಿದ್ದಾನೆ!

ಇಂಟೆಲ್ ಮತ್ತು ಮೈಕ್ರಾನ್ 2015ರಲ್ಲಿ ಫ್ಲ್ಯಾಷಿಗಿಂತ ಸಾವಿರ ಪಟ್ಟು ವೇಗವೆಂದು ಸಾರಿದ ಸ್ಮೃತಿಯ ಕಥೆಯನ್ನೂ ಮರೆಯಬಾರದು. ಅದು ಮಾರುಕಟ್ಟೆಗೆ ಬಂತು, ಕೆಲಸವನ್ನೂ ಮಾಡಿತು. 2022ರಲ್ಲಿ ಇಂಟೆಲ್ ಅದನ್ನು ಕೈಬಿಟ್ಟಿತು. ಭೌತವಿಜ್ಞಾನ ಸೋಲಲಿಲ್ಲ, ಲೆಕ್ಕಾಚಾರ ಗಿಟ್ಟಲಿಲ್ಲ.

ನಮ್ಮ ವಿಭಾಗದಲ್ಲಿ ಹನ್ನೊಂದು ವರ್ಷಗಳ ಪ್ರಯೋಗದ ಅಳತೆಗಳಿದ್ದ ಡಿಸ್ಕೊಂದು ಒಂದು ಬೆಳಗ್ಗೆ ಕಟಕಟ ಸದ್ದು ಮಾಡಿ ನಿಂತುಹೋಯಿತು. ಹೇಗೂ ಹೊಸತು ಬರುತ್ತದಲ್ಲ ಎಂದು ಎರಡನೆಯ ಪ್ರತಿ ಮಾಡಿಸುವುದನ್ನು ಮುಂದೂಡುತ್ತ ಬಂದವನು ನಾನೇ.

ಫಲಕದ ತುಣುಕನ್ನು ತೆಗೆಸಲಿಲ್ಲ. ಅದರ ಕೆಳಗೆ ಕೆಲವು ಪ್ರಶ್ನೆಗಳನ್ನು ಬರೆದು ಅಂಟಿಸುವಂತೆ ಬಿ.ಎಸ್‌ಸಿ. ವಿದ್ಯಾರ್ಥಿಗಳಿಗೆ ಹೇಳಿದೆ: ಅಸ್ಫಟಿಕವಾದ ತಂತಿಯನ್ನು ಮತ್ತೆ ಹರಳಾಗಿಸಲು ಎಷ್ಟು ಶಕ್ತಿ ಬೇಕು? ಎಷ್ಟು ಸಾರಿ ಬರೆದು ಅಳಿಸಬಹುದು? ಒಂದು ತಂತಿಯಲ್ಲಿ ಆದದ್ದು ಚಿಪ್ಪಿನ ಕೋಟ್ಯಂತರ ಕೋಶಗಳಲ್ಲಿ ಒಂದೇ ತೆರನಾಗಿ ಆದೀತೆ?